ಬಂದ್ ಮಾಡು ಎಂದರೆ ಬಂದ್ ಮಾಡಿ

ಕಂಪ್ಯೂಟರಿಗೆ ಅಪ್‌ಡೇಟ್ ಕಳಿಸುವ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಖಂಡೇಪೂಜೆಯ ದಿನ ನನ್ನ ಸ್ವಂತ ಕಂಪ್ಯೂಟರನ್ನು, ನನ್ನ ಸ್ವಂತ ಅಂಗಡಿಯಲ್ಲಿ, ನನ್ನ ಸ್ವಂತ ಕೈಯಿಂದ ಬಂದ್ ಮಾಡಲು ಹೋದೆ. ನೀವು ಬಿಡಲಿಲ್ಲ. ‘ಬಂದ್ ಮಾಡು’ ಎಂಬ ಮಾತು ಇರಬೇಕಾದ ಜಾಗದಲ್ಲಿ ‘ಅಪ್‌ಡೇಟ್ ಮಾಡಿ ಬಂದ್ ಮಾಡು’ ಎಂದು ಬರೆದಿಟ್ಟಿದ್ದಿರಿ. ಅಂಗಡಿ ಮುಚ್ಚಿ ಮನೆಗೆ ಹೊರಟವನಿಗೆ ‘ಮೊದಲು ಗೋಡೆಗೆ ಸುಣ್ಣ ಹಚ್ಚು, ಆಮೇಲೆ ಕೀಲಿ ಹಾಕು’ ಎಂದು ಯಾರಾದರೂ ಹೇಳುತ್ತಾರೆಯೇ? ನೀವು ಹೇಳಿದಿರಿ. ನಾನು ಕೇಳಿದೆ. ಇಬ್ಬರಲ್ಲಿ ಹೆಚ್ಚು ದಡ್ಡರು ಯಾರು ಎಂಬುದು ಪತ್ರ ಓದುತ್ತ ಹೋದಂತೆ ತಮಗೇ ತಿಳಿಯುತ್ತದೆ. ಗೆಲುವು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಸಿಂದಗಿಯ ಫೋಟೋ ಸ್ಟುಡಿಯೋದವನು. ಮದುವೆ, ಸೀಮಂತ, ಜಾವಳ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಶೂಟಿಂಗಿಗೆ ಸಮಯಕ್ಕೆ ಸರಿಯಾಗಿ ಹೋಗುತ್ತೇನೆ, ಆಲ್ಬಂ ಮಾತ್ರ ಮಗು ಹುಟ್ಟಿದ ಮೇಲೆ ಕೊಡುತ್ತೇನೆ. ನಮ್ಮ ದಂಧೆಯಲ್ಲಿ ಇದು ಅಪರಾಧವಲ್ಲ, ಪದ್ಧತಿ. ಆದರೆ ಈ ಪದ್ಧತಿಯಿಂದಲೇ ನಾನು ಸಿಕ್ಕಿಬಿದ್ದೆ. ಹೇಗೆಂದು ಹೇಳುತ್ತೇನೆ.

ನಮ್ಮಲ್ಲಿ ಖಂಡೇಪೂಜೆಯ ದಿನ ದುಡಿಯುವ ಹತ್ಯಾರಗಳಿಗೆ ವಿಭೂತಿ, ಕುಂಕುಮ, ಚೆಂಡುಹೂ ಏರಿಸಿ ಕೈಮುಗಿಯುತ್ತೇವೆ. ಅಂದು ಅವನ್ನು ದುಡಿಸುವಂತಿಲ್ಲ. ಗೊಳಸಂಗಿಯ ರೈತನ ಕುಡಗೋಲೂ ಅಂದು ರಜೆಯಲ್ಲಿರುತ್ತದೆ, ಝಳಕಿಯ ಪಂಕ್ಚರ್ ಅಂಗಡಿಯ ಬೋಲ್ಟು ಬಿಚ್ಚುವ ಪಾನಾ ಕೂಡ. ನನ್ನ ಅಂಗಡಿಯಲ್ಲಿ ಕ್ಯಾಮೆರಾ, ಲೈಟು, ಡ್ರೋನು ಎಲ್ಲ ಸಾಲಾಗಿ ಕುಳಿತಿದ್ದವು. ಆರತಿ ತಟ್ಟೆ ಹಿಡಿದು ನಮ್ಮವ್ವ ಇಂದುಬಾಯಿ ನಿಂತಿದ್ದಳು. ನಿಮ್ಮ ಯಂತ್ರವೊಂದೇ ತೆರೆಯ ಮೇಲೆ ಚುಕ್ಕೆಗಳನ್ನು ಗಿರಗಿರ ತಿರುಗಿಸುತ್ತ ದುಡಿಯುತ್ತಲೇ ಇತ್ತು.

“ಅದರ ಹಣಿಗೆ ಇಬತ್ತಿ ಹಚ್ಚೇನಿ, ಇನ್ನೂ ದುಡಿಯಾಕತ್ತೈತಲ್ಲೋ ಬಸಂತಾ! ವರ್ಸಕ್ಕ ಒಂದಿನ ಅದಕ್ಕೂ ಸೂಟಿ ಬ್ಯಾಡೇನು?” ಎಂದಳು ಅವ್ವ.

“ತಾನ ಬಂದ್ ಆಕ್ಕೈತಿ ತಡೀಬೇ.”

“ಕರ್ಪೂರ ತಡಿತೈತೇನ?”

ತೆರೆಯ ಮೇಲೆ ‘ದಯವಿಟ್ಟು ಕಂಪ್ಯೂಟರ್ ಆರಿಸಬೇಡಿ’ ಎಂದು ತಾವು ಇಂಗ್ಲಿಷಿನಲ್ಲಿ ಬರೆದಿದ್ದು ನಿಜ. ‘ದಯವಿಟ್ಟು’ ಎಂದದ್ದೇ ತಪ್ಪಾಯಿತು ನೋಡಿ. ದಯವಿಟ್ಟು ಎಂದು ಶುರುವಾಗುವ ಯಾವ ಫಲಕವನ್ನು ನಮ್ಮ ಊರಲ್ಲಿ ಯಾರು ಪಾಲಿಸಿದ್ದಾರೆ? ಅತ್ತ ನಿಮ್ಮ ವಿನಂತಿ, ಇತ್ತ ಅವ್ವನ ಆಜ್ಞೆ. ವಯರು ಕಿತ್ತೆ. ಯಂತ್ರ ತಣ್ಣಗಾಯಿತು. ಆರತಿ ಸಾಂಗವಾಗಿ ನಡೆಯಿತು, ಕುಂಬಳಕಾಯಿಯೂ ಒಡೆಯಿತು.

ಮರುದಿನ ಬನ್ನಿ ಹಂಚಿಕೊಂಡು ಬಂದು ಗುಂಡಿ ಒತ್ತಿದರೆ ಯಂತ್ರ ಏಳಲಿಲ್ಲ. ‘ದುರಸ್ತಿಗೆ ಸಿದ್ಧತೆ’ ಎನ್ನುವುದು, ಆರುವುದು, ಹೊತ್ತುವುದು, ಮತ್ತೆ ಸಿದ್ಧತೆ. ನಮ್ಮೂರ ರಸ್ತೆ ಕಾಮಗಾರಿಗೂ ಇಷ್ಟು ಸಿದ್ಧತೆ ಇರುವುದಿಲ್ಲ. ಕೊನೆಗೆ ನೀಲಿ ತೆರೆ ಬಂದು ಎರಡು ಗುಂಡಿ ತೋರಿಸಿತು. ಒಂದು ‘ಮತ್ತೆ ಶುರು ಮಾಡು’, ಇನ್ನೊಂದು ‘ಅಡ್ವಾನ್ಸ್ಡ್ ಆಪ್ಷನ್ಸ್’. ಮದುವೆಗೆ ಬುಕಿಂಗ್ ಮಾಡುವಾಗ ನಾವು ಮೊದಲು ಕೇಳುವ ಮಾತೇ ಅಡ್ವಾನ್ಸ್. ನೀವೂ ಕೇಳುತ್ತಿದ್ದೀರಿ ಎಂದುಕೊಂಡೆ. ಕೆಟ್ಟ ಯಂತ್ರಕ್ಕೆ ಮುಂಗಡ ಬೇರೆ ಕೊಡಬೇಕೇ ಎಂಬ ರೋಷದಲ್ಲಿ ಆ ಗುಂಡಿಯ ಕಡೆ ತಿರುಗಿಯೂ ನೋಡದೆ, ಮೊದಲನೆಯದನ್ನೇ ಒತ್ತುತ್ತ ಕುಳಿತೆ.

ಹೊಸದೊಂದು ಕೊಂಡು ಸುಮ್ಮನಾಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಆಗುತ್ತಿರಲಿಲ್ಲ. ಅದರೊಳಗೆ ಕಾಸಿಂಸಾಬರ ಧ್ವನಿ ಇತ್ತು.

ಕಾಸಿಂಸಾಬರು ನಿವೃತ್ತ ಬಸ್ ಕಂಡಕ್ಟರು. ಅವರು “ಇಂಡೀ, ಝಳಕೀ, ಚಡಚಣಾ” ಎಂದು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕೂಗಿದರೆ ಸಂತೆಯಲ್ಲಿದ್ದ ಪ್ರಯಾಣಿಕರು ಗಂಟು ಎತ್ತಿಕೊಂಡು ಓಡಿ ಬರುತ್ತಿದ್ದರು. ಬೇಸಿಗೆಯಲ್ಲಿ ಮಗಳು ನಿಷತಳನ್ನು ಬಸವನ ಬಾಗೇವಾಡಿಗೆ ಮದುವೆ ಮಾಡಿ ಕೊಟ್ಟರು. ಶೂಟಿಂಗ್ ನನ್ನದೇ. ಮಳೆಗಾಲದಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಈಗ ಅವರು ಮಾತಾಡುವುದು ಕೈಯಿಂದ, ಕಣ್ಣಿಂದ.

ಮದುವೆಯಲ್ಲಿ ನೂರು ಮೊಬೈಲು ಇದ್ದವು, ಆದರೆ ಅವುಗಳಲ್ಲೆಲ್ಲ ಬ್ಯಾಂಡಿನ ಗದ್ದಲವೇ ತುಂಬಿತ್ತು. ನಾನೊಬ್ಬನೇ ಅವರ ಅಂಗಿಗೆ ಕಾಲರ್ ಮೈಕು ಸಿಕ್ಕಿಸಿದ್ದೆ. ಮಗಳನ್ನು ಕಳಿಸಿಕೊಡುವಾಗಿನ ಅವರ ಮಾತು ನನ್ನ ಬಳಿ ಮಾತ್ರ ಇತ್ತು. ಪದ್ಧತಿಯಂತೆ ವಿಡಿಯೋ ಇನ್ನೂ ಅವರಿಗೆ ಕೊಟ್ಟಿರಲಿಲ್ಲ, ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗಾಗಿ ಅಳಿಸಿದ್ದೆ, ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಬೇರೆಯವರ ನೆನಪು ಕಾಯುವುದೇ ಕಸುಬಾದವನು ಇಷ್ಟು ಮರೆಗುಳಿಯಾದರೆ ಹೇಗೆ? ನಾನೂ ನನ್ನನ್ನು ಅದನ್ನೇ ಕೇಳಿಕೊಂಡೆ.

ದುರಸ್ತಿಗೆಂದು ಊರೂರು ಅಲೆದೆ. ಸಿಂದಗಿಯಲ್ಲಿ ಫಾರ್ಮ್ಯಾಟ್ ಹೊಡೆಯಬೇಕು ಎಂದರು. ಇಂಡಿಯಲ್ಲೂ ಅದೇ ಮಾತು. ನಮ್ಮ ಸೀಮೆಯಲ್ಲಿ ಕಂಪ್ಯೂಟರಿಗೆ ಇರುವುದು ಅದೊಂದೇ ಔಷಧ. ಮುದ್ದೇಬಿಹಾಳದ ಪ್ರೇಮಕುಮಾರ ಎಂಬ ರಿಪೇರಿಯವರು ಚಹಾ ತರಿಸಿ ಸಮಾಧಾನ ಹೇಳಿದರು.

“ಚಿಂತೀನ ಬ್ಯಾಡ್ರಿ ಸಾವ್ಕಾರ್ರ. ಫಾರ್ಮ್ಯಾಟ್ ಹೊಡದ್ರ ಹೊಸಾದ್ರಗತೆ ಓಡ್ತೈತಿ.”

“ಒಳಗಿಂದು?”

“ಒಳಗ ಏನೂ ಇರಂಗಿಲ್ರಿ. ಪೂರಾ ಸ್ವಚ್ಛ!”

ಅಷ್ಟು ಸಂತೋಷದಿಂದ ಹೇಳಿದರು, ಬಯ್ಯಲು ಬಾಯಿ ಬರಲಿಲ್ಲ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸಾದೆ. ಅಂಗಡಿಯಲ್ಲಿ ನಿಷತ ಮತ್ತು ಕಾಸಿಂಸಾಬರು ಕಾಯುತ್ತಿದ್ದರು. ತವರಿಗೆ ಬಂದವಳು ಅಪ್ಪನ ಧ್ವನಿ ಕೇಳಬೇಕೆಂದು ನೇರ ನನ್ನಲ್ಲಿಗೇ ಬಂದಿದ್ದಳು. ಸುಳ್ಳು ಹೇಳೋಣ ಎಂದುಕೊಂಡೆ. ಕಾಸಿಂಸಾಬರು ನನ್ನ ಮುಖ ನೋಡಿದರು. ಟಿಕೆಟ್ ಇಲ್ಲದವನನ್ನು ದೂರದಿಂದಲೇ ಗುರುತಿಸುತ್ತಿದ್ದ ಕಣ್ಣು ಅದು. ಎಲ್ಲ ಹೇಳಿಬಿಟ್ಟೆ.

ನಿಷತ ಅಳಲಿಲ್ಲ, ಬಯ್ಯಲೂ ಇಲ್ಲ. “ಹಚ್ರಿ ಕಾಕಾ, ನೋಡೂಣು” ಎಂದಳು. ನೀಲಿ ತೆರೆ ಬಂತು.

“ಆ ಎರಡನೇದು ಯಾಕ ಒತ್ತಿಲ್ರಿ?”

“ಅಡ್ವಾನ್ಸ್ ಕೇಳಾಕತ್ತೈತವಾ ಅದು.”

“ಕಾಕಾ, ಅದು ಆ ಅಡ್ವಾನ್ಸ್ ಅಲ್ರಿ” ಎಂದಳು. ಕಾಸಿಂಸಾಬರು ಸದ್ದಿಲ್ಲದೆ ನಕ್ಕರು, ಹೊಟ್ಟೆ ಮಾತ್ರ ಕುಣಿಯಿತು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಒಳಗೆ ಹೋದೆವು. ಒಂದೊಂದು ಸಾಲನ್ನೂ ಮೊಬೈಲಿನಲ್ಲಿ ಅರ್ಥ ಹುಡುಕಿ ಓದಿದೆವು. ಹೊಸದಾಗಿ ಬಂದ ಅಪ್‌ಡೇಟ್ ತೆಗೆದುಹಾಕಬಹುದು ಎಂದು ಒಂದು ಕಡೆ ನೀವೇ ಬರೆದಿದ್ದಿರಿ. ನಿಮ್ಮ ಪ್ರಸಾದವನ್ನು ವಾಪಸ್ ಕೊಡಲು ನೀವೇ ಬಾಗಿಲು ಇಟ್ಟಿದ್ದೀರಿ, ಆದರೆ ಆ ಬಾಗಿಲನ್ನು ಹಿತ್ತಲಲ್ಲಿ ಇಟ್ಟಿದ್ದೀರಿ. ಒತ್ತಿದೆವು. ನಾನು ಮನಸ್ಸಿನಲ್ಲಿ ಬಸವಣ್ಣನನ್ನೂ ಊರ ದರ್ಗಾದ ಪೀರರನ್ನೂ ಬೇಡಿಕೊಂಡೆ. ಯಂತ್ರ ಎದ್ದಿತು. ಎಲ್ಲ ಇದ್ದಲ್ಲೇ ಇತ್ತು. ವಿಡಿಯೋವನ್ನು ನಿಷತಳೇ ಹಚ್ಚಿದಳು.

ಮದುಮಗಳ ಕಾರು ಹೊರಡುತ್ತಿದೆ. ಹೆಂಗಸರೆಲ್ಲ ಅಳುತ್ತಿದ್ದಾರೆ. ಕಾಸಿಂಸಾಬರು ಕಾರಿನ ಬಾಗಿಲು ಹಾಕಿ, ಅದರ ನೆತ್ತಿಗೆ ಎರಡು ಏಟು ಬಡಿದು ಕೂಗುತ್ತಾರೆ: “ಡ್ರೈವರ್ ಸಾಹೇಬ್ರ, ಸೀದಾ ಬಾಗೇವಾಡಿ! ನಡಕ ಸ್ಟಾಪ್ ಇಲ್ಲ! ನಿಷತಾ, ವಾಪಸ್ ಬರಾಕ ನಿಂಗ ಟಿಕೀಟ ಇಲ್ಲವಾ, ಯಾವಾಗ ಬೇಕಾದ್ರೂ ಹತ್ತು! ರೈಟ್ ರೈಟ್!”

ನಿಷತ ಆಗ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು? ಕಾಸಿಂಸಾಬರು ಮಾತ್ರ ಯಾರೋ ಗೆಳೆಯನ ದನಿ ಕೇಳಿದವರಂತೆ ತಲೆ ವಾಲಿಸಿ ಕುಳಿತಿದ್ದರು. ಮತ್ತೆ ಹಚ್ಚು ಎಂದು ಬೆರಳು ತಿರುಗಿಸಿದರು.

ಎರಡನೇ ಸಲ, ಸರಿಯಾಗಿ ಅವರು ಕೂಗಲು ಬಾಯಿ ತೆರೆಯುವ ಹೊತ್ತಿಗೆ, ತೆರೆಯ ಮೂಲೆಯಲ್ಲಿ ತಾವು ಪ್ರತ್ಯಕ್ಷರಾದಿರಿ. ‘ಅಪ್‌ಡೇಟ್ ಸಿದ್ಧವಿದೆ. ಈಗ ಮಾಡಲೇ, ಆಮೇಲೆ ಮಾಡಲೇ?’ ಆ ಎರಡೇ ಗುಂಡಿ. ‘ಬೇಡ’ ಎಂಬ ಮೂರನೆಯದು ಇರಲಿಲ್ಲ.

ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ನನ್ನಂಥವನಿಗೆ ಬುದ್ಧಿ ಕಲಿಸುವ ಅಪ್‌ಡೇಟ್ ನಿಮ್ಮಲ್ಲಿ ಇಲ್ಲ, ಇದ್ದರೂ ನಾನು ಅದರ ನಡುವೆ ವಯರು ಕೀಳುತ್ತೇನೆ. ‘ಬೇಡ’ ಎಂಬ ಒಂದು ಗುಂಡಿ ಕೊಡಿ. ಏಕೆಂದರೆ ಆ ಹೊತ್ತಿನಲ್ಲಿ ನಾನು ರೂಢಿಯಂತೆ ಓದದೆಯೇ ‘ಈಗ’ ಒತ್ತಲು ಹೊರಟಿದ್ದೆ. ಇಡೀ ಅಂಗಡಿಯಲ್ಲಿ ನಿಮಗೆ ಬೇಡ ಎಂದವರು ಒಬ್ಬರೇ. ಕಾಸಿಂಸಾಬರು ಒಂದು ಕೈಯಿಂದ ನನ್ನ ಮುಂಗೈ ಹಿಡಿದರು. ಇನ್ನೊಂದು ಅಂಗೈಯನ್ನು ನಿಮ್ಮ ಮುಂದೆ ಅಗಲಿಸಿ, ತಮ್ಮ ಧ್ವನಿ ಮುಗಿಯುವವರೆಗೂ ಹಾಗೆಯೇ ಹಿಡಿದಿದ್ದರು.

ಇಂತಿ,
ಈಗ ಎರಡು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡೇ ಮಲಗುವ,
ಅಡ್ವಾನ್ಸ್ ಪದದ ಹೊಸ ಅರ್ಥ ಕಲಿತ,
ಬಸಂತರಾಯ, ಸಿಂದಗಿ