ಕೋಸಂಬರಿ ಹೂವು

ಶ್ರೀನಿವಾಸಪುರ
19-9-1999

ಅಣ್ಣಾ, ನೀನು ಸೋತೆ! ನಿನ್ನ ಗೆಳೆಯ ಅಮೆರಿಕದ ಹುಲ್ಲುಗಾವಲಿನಿಂದ ತಂದುಕೊಟ್ಟ ಬೀಜ ನಮ್ಮ ಅತ್ತೆಮನೆಯ ಹಿತ್ತಲಿನಲ್ಲಿ ಹೂ ಬಿಟ್ಟಿದೆ. ಹಳದಿ ಎಸಳುಗಳು ಲಂಗದಂತೆ ಇಳಿಬಿದ್ದಿವೆ, ನಡುವಿನ ಕಂದು ತಿರುಳು ಹೆಬ್ಬೆರಳಿನಂತೆ ನೆಟ್ಟಗೆ ನಿಂತಿದೆ. ಮಾವಿನ ಮಾತು ಬಿಟ್ಟರೆ ಬೇರೆ ಮಾತಿಲ್ಲದ ಈ ಊರು ಈಗ ನನ್ನ ಹೂವಿನ ಮಾತಾಡುತ್ತಿದೆ.

ಆ ಬೀಜ ಮೊಳೆಯಲು ಮೊದಲು ಚಳಿ ತಿನ್ನಬೇಕಂತೆ. ಈ ಸೀಮೆಯಲ್ಲಿ ಹಿಮ ಎಲ್ಲಿಂದ ತರಲಿ? ಒದ್ದೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟಿದ್ದೆ. ರಾಮನವಮಿಯ ಬೆಳಿಗ್ಗೆ ನಮ್ಮತ್ತೆ ಕನ್ನಡಕ ಹಾಕದೆ, ಕೋಸಂಬರಿಗೆ ನೆನೆಸಿದ ಹೆಸರುಬೇಳೆಯೆಂದುಕೊಂಡು ಅದಕ್ಕೆ ನಿಂಬೆಹಣ್ಣು ಹಿಂಡಿಯೇಬಿಟ್ಟರು! ಒಗ್ಗರಣೆ ಬೀಳುವ ಮೊದಲೇ ಕಿತ್ತುಕೊಂಡು, ತೊಳೆದು, ಬಿತ್ತಿದೆ.

ಈಗ ಅವರೇ ಬೀದಿಯವರನ್ನೆಲ್ಲ ಕರೆಯುತ್ತಾರೆ: "ಬನ್ರಮ್ಮಾ, ನಮ್ ಸೊಸೆ ಬೆಳ್ಸಿರೋ ಕೋಸಂಬರಿ ಹೂವು ನೋಡಿ!" ವಾಸನೆಯಿಲ್ಲದ ಹೂವನ್ನು ದೇವರಿಗೆ ಮುಡಿಸದವರು ಇವತ್ತು ಒಂದನ್ನು ರಾಮನ ಪಟಕ್ಕೇ ಇಟ್ಟರು.

ನನ್ನ ಕೆಮ್ಮು ವಾಸಿಯಾಯಿತೆಂದು ಅಮ್ಮನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯಿತು. "ಅದು ಹೂ ಬಿಟ್ರೆ ಮೀಸೆ ಬೋಳಿಸ್ತೀನಿ ಕಣೇ" ಅಂದಿದ್ದೆಯಲ್ಲ, ದಸರೆಗೆ ಬರುತ್ತಿದ್ದೇನೆ. ಬಸ್‌ಸ್ಟ್ಯಾಂಡಿಗೆ ಬೋಳು ಮೂತಿಯಲ್ಲೇ ಬಾ.

ನಿನ್ನ ತಂಗಿ
ಮೃದುಲಾ