ಇಲ್ಲದ ಗಂಗಾಳವನ್ನು ಬೋರಲು ಹಾಕಿದ ಅಪರಾಧ

ಕುಷ್ಟಗಿ, ಪುಷ್ಯ ಮಾಸ, ೧೯೪೬

ಜಿಲ್ಲೆಯ ಶಾಲೆಗಳ ತಪಾಸಣೆಗೆ ನೇಮಕಗೊಂಡ ಮಾನ್ಯ ಮೊಹತಮಿಮ್ ಸಾಹೇಬರೇ,

ನನ್ನ ಮಗ ಕೊಟ್ರಪ್ಪನನ್ನು ತಾವು ಕಳೆದ ತಿಂಗಳು ಬೋರ್ಡಿಂಗ್ ಹೈಸ್ಕೂಲಿನಿಂದ ಹೊರಗೆ ಹಾಕಿದಿರಿ. ತಮ್ಮ ಹುಕುಮಿನ ಮಾತಿನಲ್ಲೇ ಹೇಳುವುದಾದರೆ ಅವನ ಅಪರಾಧ, 'ಊಟದ ಪಂಕ್ತಿಯಲ್ಲಿ ಗಂಗಾಳ ಬೋರಲು ಹಾಕಿ ಸರಕಾರದ ವಿರುದ್ಧ ದಂಗೆಗೆ ಸನ್ನೆ ಮಾಡಿದ್ದು'. ಮೆಟ್ರಿಕ್ ಪರೀಕ್ಷೆಗೆ ಇನ್ನು ಎರಡು ತಿಂಗಳು ಉಳಿದಿದೆ. ಹಾಜರಿಪಟ್ಟಿಯಲ್ಲಿ ಹೆಸರಿಲ್ಲದವನು ಪರೀಕ್ಷೆಗೆ ಕೂಡುವಂತಿಲ್ಲ. ಆದರೆ ಸಾಹೇಬರೇ, ಆ ದಿನ ನನ್ನ ಮಗನ ಮುಂದೆ ಗಂಗಾಳವೇ ಇರಲಿಲ್ಲ. ಇಲ್ಲದ ಗಂಗಾಳವನ್ನು ಬೋರಲು ಹಾಕುವ ವಿದ್ಯೆಯನ್ನು ತಮ್ಮ ಇಲಾಖೆ ಎಷ್ಟನೆಯ ತರಗತಿಯಲ್ಲಿ ಕಲಿಸುತ್ತದೆ ಎಂಬುದನ್ನು ದಯವಿಟ್ಟು ತಿಳಿಸಬೇಕು. ನನ್ನ ಕಿರಿಯ ಮಗನನ್ನೂ ಆ ತರಗತಿಗೆ ಸೇರಿಸುವ ಆಸೆಯಿದೆ.

ನಾನು ಹತ್ತಿ, ಕಾಳುಕಡಿಯ ವ್ಯಾಪಾರಿ. ಪತ್ರಿಕೆಗೆ ಬರೆಯುವುದು ನನ್ನ ಕಸುಬಲ್ಲ. ತಮಗೆ ಅರ್ಜಿಗಳನ್ನು ಬರೆದು ನೋಡಿದೆ. ಹಾಳು ಬಾವಿಗೆ ಕಲ್ಲು ಹಾಕಿದರೆ ಒಂದು ಸಪ್ಪಳವಾದರೂ ಬರುತ್ತದೆ, ತಮ್ಮಿಂದ ಅದೂ ಬರಲಿಲ್ಲ. ಈಗ ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಸೀಮೆಯಲ್ಲಿ ಇಂಥದನ್ನು ಅಚ್ಚು ಹಾಕಲು ಯಾವ ಛಾಪಖಾನೆಯೂ ಒಪ್ಪಲಿಲ್ಲವಾಗಿ ಸಂಸ್ಥಾನದ ಸರಹದ್ದು ದಾಟಿ ಇಂಗ್ರೇಜರ ಆಳ್ವಿಕೆಯ ಗದಗಿನ ಕಡೆಯವರ ಕೈಕಾಲು ಹಿಡಿಯಬೇಕಾಯಿತು. ಮಗನ ಊಟದ ತಾಟಿನ ಸುದ್ದಿ ಬರೆಯಲು ಬೇರೆ ಸರಕಾರದ ನೆರಳಿಗೆ ಹೋಗಬೇಕಾದ ಸ್ಥಿತಿಯನ್ನು ಕುರಿತು ತಾವೇ ಒಂದು ಪ್ರಬಂಧ ಬರೆಸಬಹುದು.

ಮೊದಲು ಆ ಬೋರ್ಡಿಂಗಿನ ಆಡಳಿತ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳುತ್ತೇನೆ, ಏಕೆಂದರೆ ತಪಾಸಣೆಗೆ ಬಂದ ತಾವು ಅದನ್ನೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೇಳಿದಿರಂತೆ. ಹಿಟ್ನಾಳದ ದಾರಿಯಲ್ಲಿ ಹಿರಿಯರು ವಂತಿಗೆ ಎತ್ತಿ ಕಟ್ಟಿಸಿದ ಶಾಲೆ ಅದು. ಯಲಬುರ್ಗಿ, ಗಂಗಾವತಿ, ಕುಷ್ಟಗಿ ಕಡೆಯ ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗಿ ಓದುತ್ತಾರೆ. ಬೋರ್ಡಿಂಗ್ ನೋಡಿಕೊಳ್ಳುವ ಫಕ್ರುದ್ದೀನ ಮಾಸ್ತರರು ಒಬ್ಬರೇ. ಹುಡುಗರು ಅರವತ್ತರ ಮೇಲೆ. ಹೀಗಾಗಿ ಹುಡುಗರೇ ಶನಿವಾರಕ್ಕೊಮ್ಮೆ ಕೂಡುವ ಒಂದು ಸಭೆ ಮಾಡಿಕೊಂಡರು. ಅದಕ್ಕೆ ನೀರಿನ ಮಂತ್ರಿ, ದೀಪದ ಮಂತ್ರಿ, ಊಟದ ಮಂತ್ರಿ. ಹೊಟ್ಟೆಯ ಖಾತೆ ಎಲ್ಲಕ್ಕಿಂತ ದೊಡ್ಡದಾದ್ದರಿಂದ ಊಟದ ಮಂತ್ರಿಯೇ ನಾಯಕ. ಉಮೇದುವಾರರ ಹೆಸರಿನಲ್ಲಿ ಒಂದೊಂದು ಗಡಿಗೆ ಇಡುತ್ತಾರೆ. ಒಬ್ಬೊಬ್ಬನೇ ಒಳಗೆ ಹೋಗಿ ತನಗೆ ಬೇಕಾದ ಗಡಿಗೆಯಲ್ಲಿ ಒಂದು ಹುಣಸೆ ಬೀಜ ಹಾಕಿ ಬರುತ್ತಾನೆ. ಈ ವರ್ಷ ಕೊಟ್ರಪ್ಪನ ಗಡಿಗೆಯಲ್ಲಿ ಬೀಜ ಹೆಚ್ಚು ಬಿದ್ದವು.

ಮಂತ್ರಿಯಾದವನಿಗೆ ಸಿಗುವ ಸವಲತ್ತು ಒಂದೇ. ಎಲ್ಲರೂ ಉಂಡ ಮೇಲೆ ಅವನು ಉಣ್ಣಬೇಕು. ಬುಟ್ಟಿಯಲ್ಲಿ ರೊಟ್ಟಿ ಉಳಿದಿದ್ದರೆ ಅವನ ಪುಣ್ಯ. ಈ ಪದ್ಧತಿ ಹಾಕಿಕೊಟ್ಟವರು ಫಕ್ರುದ್ದೀನ ಮಾಸ್ತರರು. "ಆಳೋನು ಕಡೀಗೆ ಉಣಬೇಕ್ರೋ. ಮೊದಲು ಉಂಡವಂಗ ಹಿಂದಿನವರ ಹಸಿವಿ ಕೇಳಸಂಗಿಲ್ಲ" ಎಂದು ಅವರು ಹೇಳಿದ್ದರಂತೆ. ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಾದರೇನು ಎಂಬ ಗಾದೆಯನ್ನು ನಂಬಿ ನಾವು ಬದುಕಿದೆವು. ಬಡಿಸುವವನೇ ಕಡೇ ಪಂಕ್ತಿಯಲ್ಲಿ ಕೂತುಬಿಟ್ಟರೆ ಆ ಗಾದೆಗೆ ಕೆಲಸವೇ ಇಲ್ಲ ಎಂಬುದನ್ನು ಈ ಮಕ್ಕಳು ಕಂಡುಕೊಂಡಿದ್ದರು.

ಇನ್ನೊಂದು ಕಾಯ್ದೆಯಿತ್ತು. ಹುಡುಗರು ಮನೆಯಿಂದ ತರುವ ಗಂಗಾಳಗಳ ಒಳಗಡೆ ಅಂಚಿನ ಮೇಲೆ ಅವರವರ ಹೆಸರು ಕೊರೆಸಿರುತ್ತೇವಷ್ಟೆ. ಊಟದಲ್ಲಿ ಅನ್ಯಾಯ ಕಂಡವನು ತನ್ನ ಗಂಗಾಳವನ್ನು ಬೋರಲು ಹಾಕಬಹುದು. ಬೋರಲು ಬಿದ್ದ ಗಂಗಾಳದ ಹೆಸರು ಕಾಣುವುದಿಲ್ಲ. ಅದನ್ನು ಎತ್ತಿ ನೋಡಬಾರದು, ಯಾರು ಮೊದಲು ಹಾಕಿದರೆಂದು ಕೇಳಬಾರದು. ತಪ್ಪೇನಾಗಿದೆ ಎಂದು ಮಂತ್ರಿಯೇ ಎದ್ದು ನಿಂತು ಉತ್ತರ ಕೊಡಬೇಕು. ಕಿರಿಯ ಹುಡುಗರು ಹಿರಿಯರಿಗೆ ಹೆದರದೆ ದೂರು ಹೇಳಲಿ ಎಂಬುದು ಇದರ ಉದ್ದೇಶ. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೂ ಗಂಗಾಳ ಬೋರಲು ಬಿದ್ದದ್ದುಂಟು. ಆಗ ಯಾವ ಸರಕಾರವೂ ಅಲುಗಾಡಿದ ವರದಿಯಿಲ್ಲ.

ಈ ಸಭೆಯ ಜೊತೆಗೊಂದು ಚರ್ಚಾಕೂಟವೂ ಇತ್ತು. ಇತ್ತು ಎಂದರೆ ಹೆಸರಿಗೆ ಇತ್ತು. ಮಾತಾಡುವ ವಿಷಯಕ್ಕೆ ತಮ್ಮ ದಫ್ತರದ ಪರವಾನಗಿ ಬೇಕೆಂದಿರಿ. ದೇಶಕಾಲದ ಮಾತು ಬೇಡವೆಂದು ಹುಡುಗರು ಬುದ್ಧಿವಂತಿಕೆಯಿಂದ 'ಒಕ್ಕಲಿಗನಿಗೆ ಎತ್ತು ಹೆಚ್ಚೋ ಎಮ್ಮೆ ಹೆಚ್ಚೋ' ಎಂಬ ವಿಷಯ ಬರೆದು ಕಳಿಸಿದರು. ಎರಡೂ ಪಕ್ಷದವರ ಭಾಷಣಗಳನ್ನು ಮೊದಲೇ ಬರೆದು ಕಳಿಸಬೇಕೆಂದೂ, ಗೆಲ್ಲುವವರು ಯಾರೆಂಬುದನ್ನು ಸ್ಪಷ್ಟಪಡಿಸಬೇಕೆಂದೂ ಉತ್ತರ ಬಂತು. ಮಕ್ಕಳು ನಕ್ಕು ಚರ್ಚೆಯನ್ನೇ ಕೈಬಿಟ್ಟರು. ನನಗೆ ನಗು ಬರಲಿಲ್ಲ. ಎಮ್ಮೆ ಗೆಲ್ಲುವುದೆಂದು ಬರೆದುಕೊಟ್ಟು ಆ ದಿನ ಎತ್ತು ಗೆದ್ದಿದ್ದರೆ ಯಾರ ಹೆಸರು ಹಾಜರಿಪಟ್ಟಿಯಿಂದ ಹೋಗುತ್ತಿತ್ತು? ಚರ್ಚೆ ಮಾಡುವ ಮೊದಲೇ ತೀರ್ಪು ಬೇಕೆನ್ನುವವರಿಗೆ ಚುನಾವಣೆಯ ಮೊದಲೇ ನಾಯಕ ಬೇಕೆನ್ನಿಸಿದ್ದು ಸಹಜವೇ.

ಈಗ ಆ ದಿನದ ಮಾತು. ಬೆಳಿಗ್ಗೆ ತಾವು ಹುಡುಗರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಬೀಜ ಹಾಕಿದರೆ ಗಿಡ ಬರುತ್ತದೆಯೇ ಹೊರತು ನಾಯಕ ಬರುವುದಿಲ್ಲ ಎಂದು ಚೇಷ್ಟೆ ಮಾಡಿದಿರಿ. ಒಳ್ಳೆಯ ಮನೆತನದ ಹುಡುಗನೊಬ್ಬನನ್ನು ಆರಿಸಿ, ಇಂದಿನಿಂದ ಇವನೇ ನಾಯಕ ಎಂದು ಸಾರಿದಿರಿ. ಕೊಟ್ರಪ್ಪ ಜಗಳಕ್ಕೆ ನಿಲ್ಲಲಿಲ್ಲ. ಶನಿವಾರದ ಸಭೆಯಲ್ಲಿ ರಾಜೀನಾಮೆ ಕೊಟ್ಟು ಹೊಸಬನಿಗೆ ಕೆಲಸ ಒಪ್ಪಿಸುವುದು, ಅಲ್ಲಿಯವರೆಗೆ ಬಡಿಸುವ ಹೊಣೆ ತನ್ನದು ಎಂದು ಅಡಿಗೆಮನೆಗೆ ಹೋದ.

ಮಧ್ಯಾಹ್ನ ತಮಗಾಗಿ ಗೋಧಿ ಹುಗ್ಗಿ ಮಾಡಿಸಿದ್ದರು. ಜೋಳಕ್ಕೂ ಪಡಿತರದ ಸಾಲು ನಿಲ್ಲುವ ಈ ದಿನಗಳಲ್ಲಿ ಎಲ್ಲರಿಗೂ ಹುಗ್ಗಿ ಎಲ್ಲಿಂದ ಬರಬೇಕು? ಅತಿಥಿಗೆ ಹುಗ್ಗಿ, ಹುಡುಗರಿಗೆ ರೊಟ್ಟಿ, ಪುಂಡಿಪಲ್ಯ. ಇದಕ್ಕೆ ಯಾವ ಹುಡುಗನೂ ಮುಖ ಸಣ್ಣ ಮಾಡಲಿಲ್ಲ; ಬಂದವರಿಗೆ ಇದ್ದದ್ದನ್ನು ಮೊದಲು ಬಡಿಸುವ ಸೀಮೆ ನಮ್ಮದು. ಆದರೆ ತಾವು ತಮ್ಮ ನಾಯಕನನ್ನು ಬಲಗಡೆಗೆ ಕೂಡಿಸಿಕೊಂಡು ಅವನಿಗೂ ಹುಗ್ಗಿ ತುಪ್ಪ ಬಡಿಸಲು ಹೇಳಿದಿರಿ. ಹಿಂದಿನ ಸಾಲಿನ ಸಣ್ಣ ಹುಡುಗರ ಮುಂದೆ ಆಗ ಇನ್ನೂ ರೊಟ್ಟಿ ಸಹ ಬಿದ್ದಿರಲಿಲ್ಲ. ಹುಗ್ಗಿಯ ಸೌಟು ಬರುವುದರೊಳಗೆ ಒಂದು ಗಂಗಾಳ ಬೋರಲು ಬಿತ್ತು. ಅದರ ಹಿಂದೆಯೇ ಉಳಿದವೂ ಆಣೆಕಲ್ಲು ಬಿದ್ದ ಹಾಗೆ ಸಪ್ಪಳ ಮಾಡುತ್ತ ಬಿದ್ದವು. ಕಾಯ್ದೆಯ ಪ್ರಕಾರ ಉತ್ತರ ಕೊಡಲು ಮಂತ್ರಿ ಅಡಿಗೆಮನೆಯಿಂದ ಓಡಿ ಬಂದ. ಅವನ ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. ಅವನ ಗಂಗಾಳ ಎಂದಿನಂತೆ ಒಳಗಿನ ಗೋಡೆಯ ಮಾಡದಲ್ಲಿ, ಹೆಸರು ಕಾಣುವಂತೆ, ಅಂಗಾತ ಇತ್ತು. ಬೋರಲು ಹಾಕಿದವರನ್ನು ಬಿಟ್ಟು, ಉತ್ತರ ಕೊಡಲು ಬಂದವನನ್ನು ತಾವು ಹಿಡಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಆ ಚರ್ಚೆ ನಡೆದಿದ್ದರೆ ಈ ಅಂಶವೂ ಬರುತ್ತಿತ್ತೇನೋ.

ಫಕ್ರುದ್ದೀನ ಮಾಸ್ತರರು ನಡೆದದ್ದನ್ನು ನಡೆದಂತೆ ಬರೆದು ತಮಗೆ ಕಳಿಸಿದರು. ಕೇಳದ ವರದಿಯನ್ನು ಕಳಿಸಬಾರದು ಎಂಬ ತಾಕೀತು ಅವರಿಗೆ ಬಂತು. ನಾನೇ ಜಿಲ್ಲೆಯ ಊರಿಗೆ ಬಂದು ತಮ್ಮ ದಫ್ತರದ ಮೆಟ್ಟಿಲು ಹತ್ತಿದೆ. ತಾವು ದೌರೆಯ ಮೇಲೆ ಊರೂರು ತಿರುಗಲು ಹೋಗಿದ್ದಿರಿ. ತಮ್ಮ ಕಾಗದಪತ್ರ ನೋಡುವ ಪೇಶಕಾರರು ಮರ್ಯಾದೆಯಿಂದಲೇ ಮಾತಾಡಿಸಿದರು.

"ನಿಮ್ಮ ಹುಡುಗನ ಮುಂದ ಗಂಗಾಳ ಇರಲಿಲ್ಲ ಅಂತೀರಿ. ಅದಕ್ಕ ಸಾಬೀತು ಏನೈತ್ರಿ ಸಾವಕಾರ್ರ?"

"ಇಲ್ಲದ ಗಂಗಾಳ ತಂದು ತೋರಸಲೇನ್ರಿ?" ಎಂದೆ.

ಅವರು ಸ್ವಲ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಆಮೇಲೆ, "ಒಂದು ಮಾಫಿನಾಮೆ ಬರಸಿಬಿಡ್ರಿ. ತಪ್ಪಾತು ಅನ್ಲಿ, ಮೊದಲು ಗಂಗಾಳ ಯಾರು ಡಬ್ಬ ಹಾಕಿದ್ರು ಅವನ ಹೆಸರು ಬರೀಲಿ. ನಾಳಿಗೇ ಸಾಲಿಗೆ ಸೇರಸ್ಕೊಂತಾರ" ಎಂದರು.

ಸತ್ಯ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಜೀವ ಬಂತು. ಹೆಸರೊಂದನ್ನು ಬರೆದರೆ ವರ್ಷ ಉಳಿಯುತ್ತದೆಂದು ಮನೆಗೆ ಬಂದವನೇ ಕಾಗದ, ಟಾಕು ಮಗನ ಮುಂದಿಟ್ಟೆ.

"ಡಬ್ಬ ಹಾಕಿದ ಗಂಗಾಳದ ಹೆಸರು ಕೇಳಬಾರದು ಅಂತ ಕಾಯ್ದೆ ಐತಪ್ಪ. ಮಂತ್ರಿಯಾಗಿ ನಾನ ಮುರಿದ್ರ ಹೆಂಗ?" ಎಂದ.

"ನಿನ್ನ ಮಂತ್ರಿಗಿರಿ ಕಿತ್ತು ಒಗದಾರಲೋ."

"ಅವರು ಕಿತ್ತಾರ. ಹುಡುಗರು ಕಿತ್ತಿಲ್ಲ."

ನನಗೆ ಸಿಟ್ಟು ಬಂತು. ಕಪಾಳಕ್ಕೆ ಬಾರಿಸಬೇಕೆಂದು ಕೈ ಎತ್ತಿದವನು ಯಾಕೋ ಇಳಿಸಿದೆ. ಹತ್ತಿಯ ಪೇಟೆಯಲ್ಲಿ ಬೆಳಿಗ್ಗೆ ಕೊಟ್ಟ ಮಾತನ್ನು ಸಂಜೆ ನುಂಗುವವರ ನಡುವೆ ಬಾಳಿದವನು ನಾನು. ಕಾಗದ, ಟಾಕು ಎರಡನ್ನೂ ತಿರುಗಿ ಎತ್ತಿಟ್ಟೆ.

ಮೊದಲು ಗಂಗಾಳ ಬೋರಲು ಹಾಕಿದ ಹುಡುಗ ಒಂದು ದಿನ ನಮ್ಮ ಮನೆಗೇ ಬಂದ. ಹೊಸ್ತಿಲಲ್ಲಿ ನಿಂತು ಅಳುತ್ತ, "ಕಾಕಾ, ನಾನ ಹೋಗಿ ಸಾಹೇಬರಿಗೆ ಹೇಳತೀನ್ರಿ. ಸಣ್ಣ ಹುಡುಗರು ಹಸಗೊಂಡು ಕುಂತಿದ್ರು, ನನಗ ಹುಗ್ಗಿ ಗಂಟಲದಾಗ ಇಳೀತಿರಲಿಲ್ಲ" ಎಂದ. ಕೊಟ್ರಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ನೀ ಹೋಗಿ ಹೇಳಿದ್ರ ಇನ್ನ ಮುಂದ ಯಾವ ಸಣ್ಣ ಹುಡುಗನೂ ಡಬ್ಬ ಹಾಕಾಂಗಿಲ್ಲ. ಸುಮ್ನ ಹೋಗಿ ಓದು" ಎಂದು ಕಳಿಸಿದ. ಆ ಹುಡುಗನ ಹೆಸರು ಬರೆಯುವುದಿಲ್ಲ ಎಂದು ನಾನು ಮಗನಿಗೆ ಮಾತು ಕೊಟ್ಟಿದ್ದೇನೆ, ಬರೆದಿಲ್ಲ. ಆ ದಿನ ಹುಗ್ಗಿ ಎಷ್ಟು ಗಂಗಾಳಗಳ ಕಡೆಗೆ ಬಂತು, ತಮ್ಮದನ್ನು ಬಿಟ್ಟರೆ ಇನ್ನೊಂದು ಯಾರದು ಎಂಬುದನ್ನು ತಾವೇ ನೆನಪು ಮಾಡಿಕೊಳ್ಳಬಹುದು. ತಾವು ಹುಡುಕುವ ದಂಗೆಕೋರ ತಮ್ಮ ಬಲಗೈಯ ಅಳತೆಯಲ್ಲೇ ಕೂತಿದ್ದ. ಅವನನ್ನು ಶಿಕ್ಷಿಸಿ ಎಂದು ನಾನು ಹೇಳುತ್ತಿಲ್ಲ. ಆ ದಿನ ತಾವು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಅವನನ್ನು ನಾಯಕನೆಂದು ಆರಿಸಿದ್ದು. ಅವನು ನಾಯಕನೇ, ಆದರೆ ತಾವು ತಿಳಿದಂಥವನಲ್ಲ.

ಈಗ ಮನೆಯ ಸಂಗತಿ. ಕೊಟ್ರಪ್ಪ ಮನೆಯಲ್ಲೂ ಎಲ್ಲರೂ ಉಂಡ ಮೇಲೇ ಉಣ್ಣುತ್ತಾನೆ. ಅಂಗಡಿಯ ಆಳು ಹುಲಗಪ್ಪನೂ ಉಂಡೆದ್ದ ಮೇಲೆ ಅವನ ಗಂಗಾಳ ಮಾಡದಿಂದ ಇಳಿಯುತ್ತದೆ. ಮೊದಮೊದಲು ಅವನ ತಾಯಿ ಶಂಕ್ರಮ್ಮ ರೇಗಿದಳು. "ಇಲ್ಲ್ಯಾವ ಮಂತ್ರಿಗಿರಿ ಐತಿ ನಿನಗ? ಬಂದು ಉಣ್ಣು, ರೊಟ್ಟಿ ಆರತಾವ."

"ಸಭಾ ಕೂಡಲಿಲ್ಲವ್ವ. ನಾನಿನ್ನೂ ರಾಜೀನಾಮಿ ಕೊಟ್ಟಿಲ್ಲ" ಎಂದ.

ಕಡೆಗೆ ಉಣ್ಣುವುದು ತಾನು, ಅದು ತನ್ನ ಪಾಳಿ ಎಂದು ಅವಳ ಹಟ. ತನ್ನದೆಂದು ಇವನ ಹಟ. ಇಬ್ಬರೂ ಸೋಲದೆ ಕೊನೆಗೆ ಅಡಿಗೆಮನೆಯಲ್ಲಿ ಎದುರುಬದುರು ಕೂತು ಒಟ್ಟಿಗೆ ಉಣ್ಣುತ್ತಾರೆ. ನಾನು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಅವರ ಮಾತು ಕೇಳಿಸಿಕೊಳ್ಳುತ್ತೇನೆ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳು ಒಬ್ಬಳೇ ಕೂತು, ಉಳಿದದ್ದನ್ನು ಉಂಡವಳು. ಬುಟ್ಟಿಯಲ್ಲಿ ಏನು ಉಳಿದಿತ್ತೆಂದು ನಾನು ಒಂದು ದಿನವೂ ಕೇಳಿದವನಲ್ಲ. ನಮ್ಮ ಮನೆಯನ್ನು ಆಳುತ್ತಿದ್ದವರು ಯಾರೆಂಬುದು ಗೊತ್ತಾಗಲು ತಮ್ಮ ಹುಕುಮು ಬರಬೇಕಾಯಿತು. ಅಷ್ಟರ ಮಟ್ಟಿಗೆ ತಮ್ಮ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅವನು ರಾತ್ರಿ ಪುಸ್ತಕ ಬಿಚ್ಚುವುದನ್ನು ನಿಲ್ಲಿಸಿದ್ದಾನೆ, ಸಾಹೇಬರೇ. ಅಂಗಡಿಯಲ್ಲಿ ಬಂದು ಸುಮ್ಮನೆ ತಕ್ಕಡಿ ಹಿಡಿಯುತ್ತಾನೆ. ಚೆನ್ನಾಗಿ ತೂಗುತ್ತಾನೆ. ಅದನ್ನು ನೋಡಲಾರದೆ ನಾನು ಅಂಗಡಿಯಿಂದ ಎದ್ದು ಹೋಗುತ್ತೇನೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಪರೀಕ್ಷೆಯ ಅರ್ಜಿ ಹೋಗುವ ಮೊದಲು ಕೊಟ್ರಪ್ಪನ ಹೆಸರನ್ನು, ಮಾಫಿನಾಮೆ ಕೇಳದೆ, ಹಾಜರಿಪಟ್ಟಿಗೆ ಮರಳಿ ಸೇರಿಸಬೇಕು. ತಾವು ನಿಲ್ಲಿಸಿದ ಶನಿವಾರದ ಸಭೆ ಕೂಡಲಿ. ರಾಜೀನಾಮೆ ಕೊಡುವುದಿದ್ದರೆ ಅವನು ಅಲ್ಲಿ ಕೊಡಲಿ. ಗಡಿಗೆಗಳನ್ನು ಮತ್ತೆ ಇಡಲಿ, ಬೇಕಾದರೆ ತಾವೂ ಒಂದು ಬೀಜ ಹಾಕಿ. ಒಂದು ಬೀಜ, ಹೆಚ್ಚಿಲ್ಲ. ಮತ್ತು ಇನ್ನೊಮ್ಮೆ ತಪಾಸಣೆಗೆ ಬಂದಾಗ ಹುಡುಗರೆಲ್ಲ ಉಂಡೇಳುವವರೆಗೆ ಕಾದು, ಮಂತ್ರಿಯ ಪಕ್ಕದಲ್ಲಿ ಕೂತು, ಬುಟ್ಟಿಯಲ್ಲಿ ಉಳಿದದ್ದನ್ನು ಉಂಡು ನೋಡಿ. ಶಾಲೆ ಹೇಗೆ ನಡೆಯುತ್ತಿದೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದಂತೆ. ನನಗೆ ಹೇಗೆ ಗೊತ್ತೆಂದು ಕೇಳಬೇಡಿ. ನಾನೂ ಇನ್ನೂ ಕೂತು ನೋಡಿಲ್ಲ. ನಿನ್ನೆ ಅಡಿಗೆಮನೆಯ ಬಾಗಿಲವರೆಗೆ ಹೋಗಿ, ನಾಚಿಕೆಯಾಗಿ ಹಿಂದಿರುಗಿದೆ.

ಇಂತಿ,
ತಮ್ಮ ಹಾಗೆಯೇ ಇಷ್ಟು ದಿನ ಮೊದಲ ಪಂಕ್ತಿಯಲ್ಲಿ ಉಂಡ,
ಕರಿಬಸಪ್ಪ, ಕುಷ್ಟಗಿ