ಹೆಚ್ಚಿ ಸಣ್ಣದು ಮಾಡಿದ ದೊಡ್ಡ ಮೀನು

ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ತಮ್ಮ ಕೃಪೆಯಿಂದ ನನ್ನ ಬಸುರಿ ಮಗಳು ಮೀನು ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಮೀನುಪೇಟೆಯ ಬಾಗಿಲಲ್ಲಿ ತಾವು ತೂಗುಹಾಕಿಸಿರುವ ಫಲಕವೇ ಇದಕ್ಕೆ ಕಾರಣ. 'ಗರ್ಭಿಣಿಯರು ಮೀನು ತಿನ್ನಬೇಕು, ಮಗುವಿನ ಮೆದುಳಿಗೆ ಒಳ್ಳೆಯದು' ಎಂದು ಮೊದಲ ಸಾಲು. 'ದೊಡ್ಡ ಮೀನಿನಲ್ಲಿ ಪಾದರಸವಿರುತ್ತದೆ, ಮಗುವಿನ ಮೆದುಳಿಗೆ ಕೆಟ್ಟದ್ದು, ಮಿತವಾಗಿ ಸೇವಿಸಿ' ಎಂದು ಅದರ ಕೆಳಗೆ. ಇಷ್ಟು ಬರೆಸಿ ತಾವು ಕೈತೊಳೆದುಕೊಂಡಿರಿ.

ನಾನು ದರ್ಜಿ. 'ಅಂಗಿ ಮಿತವಾಗಿ ಹೊಲಿದುಕೊಡಿ' ಎಂದು ಯಾರಾದರೂ ಬಟ್ಟೆ ಕೊಟ್ಟುಹೋದರೆ ಕತ್ತರಿ ಎಲ್ಲಿ ಹಾಕಲಿ? ಮಿತವೆಂದರೆ ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ, ಅಂಗೈಯಷ್ಟೋ, ತಟ್ಟೆಯಷ್ಟೋ? ಅದಿರಲಿ, ದೊಡ್ಡ ಮೀನೆಂದರೆ ಯಾವುದು? ನನ್ನ ಅಳಿಯ ಹೆಂಡತಿಯೆಂದರೆ ಜೀವ ಬಿಡುವವನು. ತಮ್ಮ ಫಲಕವನ್ನು ಭಕ್ತಿಯಿಂದ ಓದಿ, ಆಳುದ್ದದ ಮೀನಿನ ಒಂದು ತುಂಡು ತಂದು, ಅಡುಗೆಮನೆಯಲ್ಲಿ ಕೂತು ಬೆರಳುಗಾತ್ರಕ್ಕೆ ಹೆಚ್ಚತೊಡಗಿದ.

"ಏನಪ್ಪಾ ಇದು, ಹಿಂಗೆ ಕೊಚ್ಚಿಹಾಕ್ತಿದೀಯ?" ಎಂದೆ.

"ದೊಡ್ಡದು ತಿನ್ನಬಾರದಂತೆ ಅತ್ತೆ. ಅದಕ್ಕೇ ಸಣ್ಣದು ಮಾಡ್ತಿದೀನಿ."

ನನಗೂ ಸರಿಯೆನ್ನಿಸಿತು. ಮಗಳು ಎರಡೆರಡು ಸಲ ಬಡಿಸಿಕೊಂಡು ತಿಂದಳು. ನಗಬೇಡಿ ಸ್ವಾಮಿ, ನಿಮ್ಮ ಫಲಕದ ಯಾವ ಅಕ್ಷರವನ್ನು ನಾವು ಮೀರಿದ್ದೇವೆ ತೋರಿಸಿ.

ತಪಾಸಣೆಗೆ ಹೋದಾಗ ನರ್ಸಮ್ಮ ವಿಷಯ ಬಿಡಿಸಿ ಹೇಳಿದರು. ಬೇರೆ ಮೀನುಗಳನ್ನು ತಿಂದು ತಿಂದು ಬೆಳೆಯುವ ಜಾತಿಯ ಮೈಯಲ್ಲಿ ಪಾದರಸ ಸೇರಿಕೊಳ್ಳುತ್ತದಂತೆ. ಹೆಚ್ಚಿದರೂ ಹೋಗದು, ಬೇಯಿಸಿದರೂ ಹೋಗದು. "ಒಂದ್ಸಲ ತಿಂದಿದ್ದಕ್ಕೆಲ್ಲ ಹೆದರಬೇಡಮ್ಮ, ಸಣ್ಣ ಜಾತಿ ಮೀನು ತಿನ್ನು, ನಿಂಗದು ಬೇಕು," ಎಂದೂ ಅಂದರು. ಮಗಳು ನಂಬಲಿಲ್ಲ. ನರ್ಸಮ್ಮನ ಮಾತಿಗೆ ಸರ್ಕಾರಿ ಮೊಹರಿಲ್ಲವಲ್ಲ.

ಅದಕ್ಕೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ, ಯಾವಾಗಲೂ ಇರುತ್ತೀರಂತೆ. ಗುಮಾಸ್ತರು ಸುರಕ್ಷಿತ ಮೀನುಗಳ ಒಂದು ಚೀಟಿ ಕೊಟ್ಟರು, ಅದರಲ್ಲಿದ್ದವೆಲ್ಲ ವಿಜ್ಞಾನಿಗಳು ಇಟ್ಟ ಹೆಸರುಗಳು. ಪೇಟೆಯಲ್ಲಿ ನಾಲಗೆ ಹೊರಳಿಸಿ ಒಂದು ಹೆಸರು ಓದಿದೆ. ಮೀನಿನವನು, "ಔಷಧಿ ಅಂಗಡಿ ಆ ಕಡೆ ಇದೆ ಅಕ್ಕಾ," ಎಂದು ಕೈತೋರಿಸಿದ.

ಈಗ ಮಗಳು ತಟ್ಟೆ ಮುಂದಿಟ್ಟುಕೊಂಡು ಅನ್ನ ಕಲಸುತ್ತ ಕೂರುತ್ತಾಳೆ. "ಅಮ್ಮಾ, ಅವತ್ತು ತಿಂದಿದ್ದು ಮಗೂಗೆ ಹೋಗಿರುತ್ತಾ?" ಎಂದು ದಿನವೂ ಕೇಳುತ್ತಾಳೆ. ಅಳಿಯ ಎದ್ದು ಹೊರಗೆ ಹೋಗುತ್ತಾನೆ. ತಿನ್ನಲು ಇರುವ ಒಳ್ಳೆಯ ಮೀನನ್ನೂ ತಿನ್ನದೆ ಅವಳು ಸೊರಗುತ್ತಿದ್ದಾಳೆ. ಇದು ತಾವು ತಪ್ಪಿಸಿದ ಅಪಾಯದ ಲೆಕ್ಕಕ್ಕೆ ಸೇರುತ್ತದೆಯೋ, ತಂದಿಟ್ಟ ಅಪಾಯದ ಲೆಕ್ಕಕ್ಕೋ?

ಆ ಫಲಕ ಇಳಿಸಿ. ಪೇಟೆಯಲ್ಲಿ ಕೂಗಿ ಮಾರುವ ಹೆಸರಿನಲ್ಲೇ ಹೊಸದು ಬರೆಸಿ: ಬಸುರಿಯರು ಯಾವ ಮೀನು ತಿನ್ನಬಹುದು, ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವುದು ಬೇಡವೇ ಬೇಡ. ಗೊತ್ತಿಲ್ಲದೆ ಒಮ್ಮೆ ತಿಂದವಳಿಗೂ ಒಂದು ಸಾಲು ಇರಲಿ, ಕೆಳಗೆ ತಮ್ಮ ಮೊಹರು ಇರಲಿ. ಬೇಕಾದರೆ ಇನ್ನೊಂದು ಸಭೆ ಕರೆಯಿರಿ, ಚಹಾ ಕುಡಿಯಿರಿ, ಆದರೆ ಬೇಗ ಮುಗಿಸಿ. ಹೆರಿಗೆ ನಿಮ್ಮ ಕಡತವಲ್ಲ, ಮೇಜಿನ ಮೇಲೆ ಕಾಯುತ್ತ ಕೂರುವುದಿಲ್ಲ.

ಇಂತಿ,
ಅಜ್ಜಿಯಾಗಲು ತಮ್ಮ ಅನುಮತಿಗೆ ಕಾದಿರುವ
ಒಬ್ಬ ದರ್ಜಿ